ಮದ್ರಾಸ್ ಐ ಅಂಟಿಸಿದ ಅಳಿಯ

ಕಣ್ಣು ಕೆಂಪಾದರೆ ಅದಕ್ಕೊಬ್ಬ ಡಾಕ್ಟರ್ ಬೇಕೇ? ಬೇಡ ಎಂದೇ ನಾನು ದೃಢವಾಗಿ ನಂಬಿದ್ದೆ.

ನಾದಿನಿಯ ನಿಶ್ಚಿತಾರ್ಥದ ಹಿಂದಿನ ದಿನ ವೇಮಗಲ್‌ನ ನಮ್ಮ ಮನೆಯಲ್ಲಿ ಎದ್ದರೆ ಬಲಗಣ್ಣು ತೆರೆಯುತ್ತಲೇ ಇಲ್ಲ! ರೆಪ್ಪೆಗಳು ಪಿಸುರಿನಿಂದ ಅಂಟಿಕೊಂಡಿದ್ದವು. ನೀರು ಹಚ್ಚಿ ಬಿಡಿಸಿದರೆ ಒಳಗೆಲ್ಲ ಟೊಮೇಟೊ ಬಣ್ಣ.

“ಮದ್ರಾಸ್ ಐ ಕಣ್ರೀ. ಡಾಕ್ಟರ್ ಹತ್ರ ಹೋಗಿ,” ಎಂದಳು ಹೆಂಡತಿ ಸುಜಾತ.

“ಫ್ರಿಜ್ಜಲ್ಲಿ ಡ್ರಾಪ್ಸ್ ಐತಲ್ಲ!”

ಅದು ಅತ್ತೆಯ ಕಣ್ಣಿನ ಪೊರೆ ಆಪರೇಷನ್ ಆದಾಗ ನಮ್ಮನೆಯಲ್ಲೇ ಉಳಿದಿದ್ದ ಬಾಟಲಿ. ಬಲಗಣ್ಣಿಗೆ ಹಾಕಿಕೊಂಡೆ. ಮುನ್ನೆಚ್ಚರಿಕೆಯ ಕ್ರಮವಾಗಿ ಬಾಟಲಿಯ ಅದೇ ಮೂತಿಯನ್ನು ಎಡಗಣ್ಣಿಗೂ ಒತ್ತಿ ಹಾಕಿಕೊಂಡೆ. ಮರುದಿನ ಎರಡೂ ಕಣ್ಣು ಕೆಂಪು!

ಹಾಗಂತ ನಾನು ಬೇಜವಾಬ್ದಾರಿ ಮನುಷ್ಯನಲ್ಲ. ನೋಡಿದರೆ ಅಂಟುತ್ತದೆಂದು ಕಪ್ಪು ಕನ್ನಡಕ ಹಾಕಿಕೊಂಡೇ ನಿಶ್ಚಿತಾರ್ಥಕ್ಕೆ ಶ್ರೀನಿವಾಸಪುರದ ಮಾವನ ಮನೆಗೆ ಹೋದೆ. ಎಲ್ಲರ ಕೈ ಕುಲುಕಿದೆ. ಪಂಕ್ತಿಗೆಲ್ಲ ಹೋಳಿಗೆ ಬಡಿಸಿದೆ. ಕಣ್ಣು ತುರಿಸಿದಾಗಲೆಲ್ಲ ಕೈತೊಳೆಯುವ ಕಡೆ ನೇತುಹಾಕಿದ್ದ ಟವೆಲ್‌ನಲ್ಲಿ ಒರೆಸಿಕೊಂಡೆ. ಕನ್ನಡಕ ಪೂರ್ತಿ ತೆಗೆಯಲಿಲ್ಲ. ಅಷ್ಟು ಶಿಸ್ತು!

ಎರಡು ದಿನ ಬಿಟ್ಟು ಅತ್ತೆಯ ಫೋನು. “ಅಯ್ಯೋ ದೇವುಡಾ! ನಿಮ್ಮ ಮಾವಂಗೆ ಕಣ್ಣು ಬಂದೈತೆ. ಗಂಡಿಗೂ ಬಂದೈತಂತೆ. ಬೀಗರು ನಿಮ್ಮ ಹೆಸರೇ ಹೇಳ್ತಾವ್ರೆ!”

ನನಗೆ ಮೈಯೆಲ್ಲ ಉರಿಯಿತು. ಯಾರನ್ನೂ ಬರಿಗಣ್ಣಿನಿಂದ ನೋಡದವನ ಮೇಲೆ ಇಂಥ ಅಪವಾದವೇ? ನ್ಯಾಯ ಕೇಳಲು ಸುಜಾತಳನ್ನು ಕರೆದುಕೊಂಡು ನೇರವಾಗಿ ಕೋಲಾರದ ಕಣ್ಣಿನ ಡಾಕ್ಟರ್ ಬಳಿಗೆ ಹೋದೆ.

“ಹೇಳಿ ಮೇಡಂ, ನೋಡಿದ್ರೆ ಅಂಟುತ್ತಾ?”

“ಇಲ್ಲ. ನೋಡಿದ್ರೆ ಬರಲ್ಲ.”

“ಕೇಳಿದ್ಯಾ!” ಎಂದು ಸುಜಾತಳ ಕಡೆ ತಿರುಗಿದೆ.

“ಕಣ್ಣು ಮುಟ್ಟಿದ ಕೈಯಿಂದ ಬರುತ್ತೆ. ಟವೆಲ್ಲು, ದಿಂಬು ಹಂಚಿಕೊಂಡ್ರೆ ಬರುತ್ತೆ,” ಎಂದರು ಡಾಕ್ಟರ್. “ಸೋಪು ಹಾಕಿ ಆಗಾಗ ಕೈ ತೊಳೀಬೇಕು. ಬೇರೆಯವರ ಹಳೇ ಡ್ರಾಪ್ಸ್ ಹಾಕ್ಲೇಬಾರ್ದು. ಕೆಲವು ಸಲ ಅದರಿಂದ ಇನ್ನೂ ಜಾಸ್ತಿ ಆಗುತ್ತೆ. ನೋವು ಬಂದ್ರೆ, ಮಂಜಾಗಿ ಕಂಡ್ರೆ ತಕ್ಷಣ ಬರಬೇಕು. ನೀವು ಅಂಥದ್ದೇನೂ ಮಾಡಿಲ್ಲ ತಾನೇ?”

ನಾನು ಗೋಡೆಯ ಮೇಲಿನ ಅಕ್ಷರದ ಪಟವನ್ನು ಬಹಳ ಶ್ರದ್ಧೆಯಿಂದ ಓದತೊಡಗಿದೆ.

“ಎಲ್ಲಾ ಮಾಡವ್ರೆ ಮೇಡಂ,” ಎಂದಳು ಸುಜಾತ.

ಎಲ್ಲರ ಕಣ್ಣೂ ವಾಸಿಯಾದ ಮೇಲೆಯೇ ಮದುವೆ ನಡೆಯಿತು. ನನ್ನದೂ ವಾಸಿಯಾಗಿತ್ತು! ಆದರೂ ಛತ್ರದಲ್ಲಿ ನನ್ನ ಅಕ್ಕಪಕ್ಕದ ಕುರ್ಚಿಗಳು ಖಾಲಿ. ಹಿರಿಯ ಅಳಿಯನಾಗಿ ಗಂಭೀರವಾಗಿ ಅಕ್ಷತೆ ಹಿಡಿದು ಮಂಟಪ ಹತ್ತಲು ಹೊರಟೆ. ನಾದಿನಿ ಗಂಡನನ್ನು ತನ್ನ ಹಿಂದಕ್ಕೆ ಎಳೆದುಕೊಂಡಳು.

“ಭಾವಾ, ಅಲ್ಲಿಂದಾನೇ ಹಾಕಿ!”

ಹಾಕಿದೆ. ನನ್ನ ಆಶೀರ್ವಾದವೆಲ್ಲ ಫೋಟೋದವನ ತಲೆಯ ಮೇಲೆ ಬಿತ್ತು.