ಹೊನವಾಡ ಒಂದಾದ ಸಂಜೆ

ಹೊನವಾಡದಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ ದಾದಾಸಾಬನ ಅಂದಿನ ತಾಪತ್ರಯಕ್ಕೆಲ್ಲ ಕಾರಣ ಅವನ ತಾಯಿ ಇಮಾಮಬಿಯ ಮೊಣಕಾಲು. ವರ್ಷಗಳಿಂದ ಮುದುಕಿ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಎಪ್ಪತ್ತನಾಲ್ಕರ ಬೇಸಿಗೆಯ ಒಂದು ಮುಂಜಾನೆ ಅವರ ಬಾಗಿಲಿಗೆ ಅಪರಿಚಿತನೊಬ್ಬ ಬಂದ. ಬಿಸಿಲಲ್ಲಿ ನಿಂತರೂ ಅವನಿಗೆ ನೆರಳಿರಲಿಲ್ಲ. ಕೈಯಲ್ಲಿ ತಂಬಿಗೆಯಷ್ಟು ದೊಡ್ಡದೊಂದು ಬೆಚ್ಚನೆಯ ಕಲ್ಲು.

ಕಲ್ಲನ್ನು ಇಮಾಮಬಿಯ ಮೊಣಕಾಲಿಗೆ ಮುಟ್ಟಿಸಿದ. ಅವಳು ಎದ್ದು, ಒಲೆಯ ತನಕ ನಡೆದು, ಬಂದವರಿಗೆ ಚಹಾ ಇಟ್ಟಳು.

"ನಾ ಆಕಾಶದ ಚಿಕ್ಕಿಗಳ ಆಚಿಂದ ಬಂದೇನ್ರಿ" ಎಂದ ಅಪರಿಚಿತ. "ಇಂಥಾವು ನಿಮ್ಮ ಭೂಮಿಗೆಲ್ಲಾ ಕೊಡೋದೈತಿ. ಆದ್ರ ನೀವು ಒಂದಾಗ್ತೀರೋ ಇಲ್ಲೋ ಮೊದಲ ನೋಡಬೇಕು. ಒಂದು ಊರು ಸಾಕು. ಇದನ್ನ ಏನ್ ಮಾಡಬೇಕಂತ ಹೊತ್ತು ಮುಳುಗೂದ್ರಾಗ ಊರೆಲ್ಲಾ ಒಂದೇ ಮಾತು ಹೇಳ್ರಿ, ಹಂಗ ಮಾಡ್ತೀನಿ. ಒಂದು ಬಾಯಿ ಬ್ಯಾರೆ ಅಂದ್ರೂ ತಿರುಗಿ ಒಯ್ತೀನಿ. ಒಯ್ದ ಮ್ಯಾಲ ಇದರಿಂದ ಆದ ಗುಣಾನೂ ಉಳಿಯಂಗಿಲ್ಲ."

"ಇಷ್ಟೇ ಏನ್ರಿ?" ಎಂದು ದಾದಾಸಾಬ ಊರೊಳಗೆ ಓಡಿದ.

ಚಾವಡಿಯ ಮುಂದೆ ಜನ ಸೇರಿತು. ಅಪರಿಚಿತ ಕಲ್ಲನ್ನು ಕಟ್ಟೆಯ ಮೇಲಿಟ್ಟು ಪಕ್ಕಕ್ಕೆ ನಿಂತ. ಊರ ಹಿರಿಯ ಗುರಣ್ಣ, "ಕಲ್ಲು ನಮ್ಮ ವಾಡೇದಾಗ ಇರಲಿ" ಎಂದ. ಕಿರಾಣಿ ಅಂಗಡಿಯ ಬುಡ್ಡೇಸಾಬ, "ದರ್ಗಾದಾಗ ಇಡ್ರಿ" ಎಂದ. ಗುರುಬಸವ್ವ, "ಎಲ್ಲೆರ ಇಡ್ರಿ, ನಮ್ಮ ಮೈದುನನ ಹೇಣ್ತಿ, ಆ ನೆಗೆಣ್ಣಿ ಮುಟ್ಟಿದ್ದನ್ನ ನಾ ಮುಟ್ಟಂಗಿಲ್ಲ" ಎಂದಳು. ತಿಕೋಟಾ ಬಸ್ಸಿನಿಂದ ಇಳಿದ ಪರಊರಿನವರು, "ನಾವೇನು ಭೂಮಿ ಮ್ಯಾಲ ಇಲ್ಲೇನು?" ಎಂದು ನುಗ್ಗಿದರು.

ಮಧ್ಯಾಹ್ನಕ್ಕೆ ಬಡಿಗೆಗಳು ಹೊರಬಿದ್ದವು. ಬೇರೆ ದಿನವಾದರೆ ಪೆಟ್ಟು ತಿಂದವರು ಮನೆಗೆ ಹೋಗಿ ಮಲಗುತ್ತಿದ್ದರು, ಜಗಳ ಮುಗಿಯುತ್ತಿತ್ತು. ಅಂದು ಮುಗಿಯಲೇ ಇಲ್ಲ. ತಲೆ ಒಡೆದವನು ಕಲ್ಲು ಮುಟ್ಟಿ, ಮೈ ತೊಳೆಸಿಕೊಂಡ ಹೋರಿಯಂತೆ ತಿರುಗಿ ಬರುತ್ತಿದ್ದ. ಕೈ ಮುರಿದ ಗುರಣ್ಣ ಅದೇ ಕೈಯಿಂದ ಬುಡ್ಡೇಸಾಬನನ್ನು ಕೆಡವಿದ.

"ಯಪ್ಪಾ, ನಮ್ಮವ್ವ ಎದ್ದು ನಡದಾಳ್ರೋ! ಒಂದು ಮಾತಿಗೆ ಬರ್ರೋ!" ಎಂದು ದಾದಾಸಾಬ ನಡುವೆ ಹೋದ. ಎರಡೂ ಕಡೆಯ ಏಟು ಅವನಿಗೇ ಬಿದ್ದವು. ನೆತ್ತಿಯಿಂದ ರಕ್ತ ಸುರಿಯಿತು. ಆ ಗದ್ದಲದಲ್ಲಿ ಕಲ್ಲಿನ ಹತ್ತಿರ ಹೋಗಲು ಅವನೊಬ್ಬನಿಗೇ ದಾರಿ ಸಿಗಲಿಲ್ಲ.

ಹೊತ್ತು ಇಳಿಯುವಾಗ ಗುಂಪಿನ ಹಿಂದಿನಿಂದ ಒಂದು ಹೆಣ್ಣುದನಿ ಚೀರಿತು: "ಸಾಕ್ರೋ! ಒಯ್ರಿ ಆ ಕಲ್ಲ!"

ಬಡಿಗೆಗಳು ನಿಂತವು. ಗಂಡಂದಿರನ್ನು ಹಿಡಿದೆಳೆಯುತ್ತಿದ್ದ ಹೆಂಗಸರೆಲ್ಲ "ಒಯ್ರಿ" ಎಂದರು. ಗುರಣ್ಣ ತಲೆ ತಗ್ಗಿಸಿ "ಒಯ್ರಿ" ಎಂದ. ಬುಡ್ಡೇಸಾಬನೂ ಅಂದ. ಕೊನೆಗೆ ಇಡೀ ಊರೇ ಅಂದಿತು.

ಅಪರಿಚಿತನ ಕಣ್ಣು ತುಂಬಿದವು. "ಎಷ್ಟೋ ಲೋಕ ತಿರುಗೀನಿ. ಒಂದ ದಿನದಾಗ ಒಂದಾದ ಊರು ಇದ ಮೊದಲ. ಬ್ಯಾರೆ ಅನ್ನಾವ್ರು ಯಾರರ ಅದೀರೇನು?"

ದಾದಾಸಾಬ ಬಾಯಿ ತೆರೆದ. ಒಯ್ಯಬೇಡ ಎಂದರೆ ಊರು ಒಡೆಯುತ್ತದೆ, ಕಲ್ಲು ಹೋಗುತ್ತದೆ. ಸುಮ್ಮನಿದ್ದರೂ ಹೋಗುತ್ತದೆ. ತೆರೆದ ಬಾಯಿ ಹಾಗೇ ಮುಚ್ಚಿಕೊಂಡ.

"ಭೂಮಿ ಒಂದಾಗೇತಿ, ಇದು ಬ್ಯಾಡ ಅಂದೈತಿ ಅಂತ ನಮ್ಮವರಿಗೆ ಹೇಳ್ತೀನಿ" ಎಂದು ಅಪರಿಚಿತ ಕೈ ಮುಗಿದು ಕಲ್ಲಿನೊಂದಿಗೆ ನಡೆದುಹೋದ. ಆಗಿನಿಂದಲೇ ಮಾಯ್ದ ಪೆಟ್ಟುಗಳು ಮರಳಿ, ಒಬ್ಬೊಬ್ಬರಾಗಿ ನರಳತೊಡಗಿದರು.

ದಾದಾಸಾಬ ತಾಯಿಯನ್ನು ಹುಡುಕಿದ. ಅವಳು ಚಾವಡಿಯ ಗೋಡೆ ಹಿಡಿದು ನಿಂತಿದ್ದಳು.

"ತಪ್ಪಾತವ್ವಾ. ನಾನರ ಒಯ್ಯಬ್ಯಾಡ ಅನ್ನಬೇಕಿತ್ತು" ಎಂದು ಅತ್ತ. "ಯಾವಾಕಿ ಮೊದಲ ಒದರಿದ್ಲೋ, ಆಕಿ ನಾಲಿಗಿ ಸೇದಿಹೋಗ್ಲಿ!"

"ಹಂಗನ್ನಬ್ಯಾಡೋ" ಎಂದು ಇಮಾಮಬಿ ಸೆರಗಿನಿಂದ ಅವನ ನೆತ್ತಿಯ ರಕ್ತ ಒತ್ತಿ ಹಿಡಿದಳು. "ನಿನ್ನ ಬಡಿಯೂದು ನೋಡಲಾರದ ನಾನ ಒದರಿದೆ."