ಖರೆನೋ ಸುಳ್ಳೋ, ನೋಡಿ ಬಾ

ಈಗ ಟೀವಿಯಾಗ ಉಮೇದುವಾರರು ಕುಂತು ವಾದ ಮಾಡ್ತಾರ, ಕೆಳಗ 'ಇದು ಖರೆ, ಇದು ಸುಳ್ಳು' ಅಂತ ಪಟ್ಟಿ ಓಡ್ತದ. ಎಂಬತ್ತರ ಇಸವಿ ಆಸುಪಾಸಿನ್ಯಾಗ ರಾಯಚೂರಾಗ ಆ ಪಟ್ಟಿ ನಾನೇ ಇದ್ದೆ. ಓಡ್ತಿದ್ದಿಲ್ಲ, ಕೆಂಪು ಬಸ್ಸಿನ್ಯಾಗ ನಿಂತು ಹೋಗ್ತಿದ್ದೆ.

ಒಂದು ಸಣ್ಣ ವಾರಪತ್ರಿಕಿಯೊಳಗ ನನ್ನ ನೌಕರಿ. ಸಂಪಾದಕರದು ಒಂದೇ ಹಟ: ವೇದಿಕಿ ಮ್ಯಾಲೆ ಉಮೇದುವಾರ ಏನು ಮಾಡೀನಿ ಅಂತಾನೋ, ಅದನ್ನ ನಮ್ಮ ಮನುಷ್ಯಾ ಕಣ್ಣಿಲೆ ನೋಡಿ ಬರಬೇಕು, ಆಮ್ಯಾಲೆ ಅಚ್ಚು. ವೇದಿಕಿ ಮ್ಯಾಲೆ ಹೇಳಲಾರದ ಮಾತು ನಮಗ ಸಂಬಂಧಿಲ್ಲ. ಹಿಂಗಾಗಿ ಚುನಾವಣಿ ಬಂತಂದ್ರ ಊರೂರು ತಿರುಗೋದು, ಹೋದಲ್ಲೆಲ್ಲಾ ಏನರೆ ಒಂದು ಆಗೋದು. ತಪ್ಪಿದ್ದೇ ಇಲ್ಲ.

೧. ಗಿಡ

ದೇವದುರ್ಗದಾಗ ಒಬ್ಬ ಉಮೇದುವಾರರು ಎದಿ ತಟ್ಟಿ ಹೇಳಿದ್ರು: "ಜಾಲಹಳ್ಳಿ ದಾರಿ ಎರಡೂ ಕಡಿ ಗಿಡ ಹಚ್ಚೀನಿ, ಹೋಗಿ ಎಣಿಸ್ರಿ!"

ಹೋದೆ. ಎಣಿಸಾಕ ಶುರು ಮಾಡೋದರಾಗ ಮುಗಿದೇ ಹೋತು. ಏಳೇ ಗಿಡ. ಅಲ್ಲೇ ಆಡು ಮೇಯಿಸಾಕತ್ತಿದ್ದ ಮುದುಕಗ ಕೇಳಿದೆ, "ಯಪ್ಪಾ, ಇಲ್ಲಿ ಗಿಡ ಹಚ್ಚಿದ್ದು ಖರೆ ಏನು?"

"ಖರೆ ರೀ. ದಂಡಿಗಟ್ಟಲೆ ಹಚ್ಚಿದ್ರು."

"ಮತ್ತೆಲ್ಲಿ ಹೋದವು?"

"ಆಡು ತಿಂದಾವು."

"ಯಾರ ಆಡು?"

ಮುದುಕ ತನ್ನ ಹಿಂಡಿನ ಕಡಿ ನೋಡಿದ, ನನ್ನ ಕಡಿ ನೋಡಿದ. "ಇವು ರೀ. ಹಚ್ಚಿದವರವೇ. ನಾ ಬರೇ ಕಾಯಾಂವ."

ಇದ್ದದ್ದು ಇದ್ದಂಗ ಬರದ್ವಿ. ಮರುವಾರ ಉಮೇದುವಾರರು ಕಚೇರಿಗೆ ಬಂದು ಮೇಜು ಗುದ್ದಿದ್ರು: "ತಪ್ಪು ಬರದೀರಿ! ಅದರಾಗ ಅರ್ಧಾ ಆಡು ನಮ್ಮ ತಮ್ಮನವು!"

೨. ನಡಿಗಿ

ಇನ್ನೊಬ್ಬರು ರಾಯಚೂರಿನ ಸಭಾದಾಗ, "ಯರಗೇರಾಕ್ಕ ನಾ ನಡಕೊಂತ ಹೋಗೀನಿ, ಮನಿಮನಿ ಬಾಗಿಲಾ ಬಡಿದೀನಿ" ಅಂದ್ರು. ಅವರ ಹೊಟ್ಟಿ ನೋಡಿದ್ರ ನಂಬಿಕಿ ಬರವಲ್ದು. ಯರಗೇರಾದ ಚಾ ಅಂಗಡ್ಯಾಗ ಕೇಳಿದೆ.

ಅಂಗಡಿಯಾಂವ ಅಂದ, "ನಡಕೊಂತನೇ ಬಂದ್ರು ರೀ. ಜೀಪ್ ಕೆಟ್ಟಿತ್ತು."

"ಮನಿಮನಿ ಬಾಗಿಲಾ ಬಡಿದದ್ದು?"

"ಅದೂ ಖರೆ. ಜೀಪ್ ದೂಡಾಕ ಮಂದಿ ಬೇಕಾಗಿತ್ತಲ್ರಿ."

ಸಂಪಾದಕರು ನನ್ನ ನೋಟಬುಕ್ ಎರಡು ಸಲ ಓದಿ, "ಎರಡೂ ಖರೆ ಅಂತ ಬರಿ" ಅಂದ್ರು.

೩. ನಮ್ಮವ್ವ

ಇದು ನಗಿ ಮಾತಲ್ಲ ಅಂತ ಆಗ ಅನಿಸಿತ್ತು. ಮಾನ್ವಿ ಹತ್ರ ನಮ್ಮೂರು. ಒಂದು ಚುನಾವಣಿಗೆ ಎರಡು ವರ್ಷ ಮೊದಲ ನಮ್ಮ ಕೇರ್ಯಾಗ ಬೋರ್ ಕೊರೆದು, ಬಾಯಿಗೆ ಕಲ್ಲು ಮುಚ್ಚಿ ಹೋಗಿದ್ರು. ಮ್ಯಾಲೆ ಕೂಡಿಸೋ ಕೈಪಂಪು ಆ ಕೆಲಸ ಗುತ್ತಿಗಿ ಹಿಡಿದಿದ್ದ ಸಾವ್ಕಾರ್ರ ಗೋದಾಮಿನ್ಯಾಗೇ ಕುಂತಿತ್ತು. ನಮ್ಮವ್ವ ಮೊಣಕಾಲು ಹಿಡಕೊಂತ ಹಳ್ಳದಿಂದ ಕೊಡಾ ಹೊರ್ತಿದ್ದಳು. 

"ಊರ ಮಂದಿ ಸುಳ್ಳೆಲ್ಲಾ ನೋಡ್ತಿ, ನಮ್ಮ ಬೋರ್ ನೋಡಂಗಿಲ್ಲೇನೋ ಯಪ್ಪಾ?" ಅಂತ ಕೇಳಿದಳು.

"ಯವ್ವಾ, ಯಾರರೆ ಪಂಪ್ ಕೂಡಿಸೀನಿ ಅಂತ ವೇದಿಕಿ ಮ್ಯಾಲೆ ಹೇಳಿದ್ರ ನಾ ಹೋಗಿ ನೋಡಬೇಕು. ಯಾರೂ ಹೇಳವಲ್ರು. ನಾ ಏನು ಮಾಡ್ಲಿ?"

ಅವ್ವ ಒಲಿ ಊದಿದಳು.

೪. ಕೈ ಮುಗಿಯಾಕ ಬಂದಾಕಿ

ಆ ಸಲದ ಚುನಾವಣ್ಯಾಗ ಮಾನ್ವಿ ಹುಡುಗರ ಸಂಘದವರು ಉಮೇದುವಾರರನ್ನೆಲ್ಲಾ ಒಂದೇ ಬೆಂಚಿನ ಮ್ಯಾಲೆ ಕೂಡಿಸಿದ್ರು. ನಮ್ಮ ಪಂಪಿನ ಸಾವ್ಕಾರ್ರೂ ಅವರಾಗ ಒಬ್ಬರು. ನಾ ಬಾಜೂಕ ನೋಟಬುಕ್ ಹಿಡಿದು ಕುಂತಿದ್ದೆ. ಮಂದಿ ಪ್ರಶ್ನಿ ಕೇಳೋ ಹೊತ್ತಿಗೆ ಹಿಂದಿನಿಂದ ಒಬ್ಬಾಕಿ ಎದ್ದಳು. ನೋಡ್ತೀನಿ, ನಮ್ಮವ್ವ!

"ಯಪ್ಪಾ ಸಾವ್ಕಾರ್ರ, ನಾ ಕೇಳಾಕ ಬಂದಿಲ್ಲ, ಕೈ ಮುಗಿಯಾಕ ಬಂದೀನಿ. ನಮ್ಮ ಕೇರಿ ಬೋರಿಗೆ ಪಂಪ್ ಕೂಡಿಸಿಕೊಟ್ರಿ. ನಿಮ್ಮ ಹೊಟ್ಟಿ ತಣ್ಣಗಿರಲಿ!"

ಜನ ಚಪ್ಪಾಳಿ ಹೊಡೀತು. ನನ್ನ ಕೈಯಾಗಿನ ಪೆನ್ನು ಕೆಳಗ ಬಿತ್ತು. ಸಾವ್ಕಾರ್ರು ಒಮ್ಮೆ ಕಣ್ಣು ಪಿಳಿಪಿಳಿ ಮಾಡಿದ್ರು. ಚಪ್ಪಾಳಿ ನಿಲ್ಲವಲ್ದು. ಎದ್ದು ಕೈ ಮುಗಿದು, "ಅದು ನನ್ನ ಕರ್ತವ್ಯ ತಾಯಿ" ಅಂದುಬಿಟ್ರು.

ಬಾಜೂಕಿನ ಉಮೇದುವಾರ ಬಿಡ್ತಾನೇನು? "ಯಾವಾಗ ಕೂಡಿಸಿದ್ರಿ?"

"ಬೇಕಾದ್ರ ಹೋಗಿ ನೋಡ್ರಿ!"

ಎಲ್ಲಾರೂ ನನ್ನ ಕಡಿ ತಿರುಗಿದ್ರು. ನಾ ಎದ್ದು, "ಸೋಮವಾರ ಹೋಗಿ ನೋಡ್ತೀನ್ರಿ" ಅಂದೆ. ಅವತ್ತು ಶುಕ್ರವಾರ.

ಸಭಾ ಮುಗೀತಲೇ ಸಾವ್ಕಾರ್ರು ನನ್ನ ಹೆಗಲ ಮ್ಯಾಲೆ ಕೈ ಇಟ್ರು. "ತಮ್ಮಾ, ಸೋಮವಾರ ಬಾಳ ಲಗೂ ಆತು. ಗುರುವಾರ ನೋಡಿದ್ರ ನಡಿಯಂಗಿಲ್ಲೇನು?"

"ಪತ್ರಿಕಿ ಮಂಗಳವಾರ ಬರ್ತದ ರೀ."

ಅವ್ವನ್ನ ಬದಿಗೆ ಕರದು, "ಯವ್ವಾ, ಸುಳ್ಳು ಯಾಕ ಹೇಳಿದಿ?" ಅಂದೆ.

"ಖರೆನೋ ಸುಳ್ಳೋ ನೋಡೋದು ನಿನ್ನ ಕೆಲಸ. ಸೋಮವಾರ ಬಾ."

ಸಂಪಾದಕರಿಗೆ ಎಲ್ಲಾ ಬಿಚ್ಚಿ ಹೇಳಿದೆ. "ಸೋಮವಾರ ಕಣ್ಣಿಗೆ ಏನು ಕಾಣ್ತದ, ಅದನ್ನ ಬರಿ. ನಿಮ್ಮವ್ವ ಇದ್ರೂ ಅಷ್ಟೇ, ನಮ್ಮವ್ವ ಇದ್ರೂ ಅಷ್ಟೇ. ಇಲ್ಲಂದ್ರ ಬ್ಯಾರೆ ನೌಕರಿ ನೋಡಿಕೋ" ಅಂದ್ರು.  ಪಂಪ್ ಇರದಿದ್ರ ಹೆತ್ತ ತಾಯಿ ಸುಳ್ಳು ಹೇಳಿದಳು ಅಂತ ನಾನೇ ಅಚ್ಚು ಹಾಕಿಸಬೇಕು.

ಸೋಮವಾರ ಹೋದೆ. ಸಾವ್ಕಾರ್ರು ಸ್ವತಃ ಧೋತ್ರ ಮ್ಯಾಲೆ ಕಟ್ಟಿ, ಕೈಯಾಗ ನಟ್ಟು ಬಿಗಿಯೋ ಪಾನಾ ಹಿಡಿದು, ಮೈಯೆಲ್ಲಾ ಗ್ರೀಸ್ ಮಾಡಿಕೊಂಡು ನಿಂತಿದ್ರು. ಅವ್ವ ಪಂಪ್ ಒತ್ತಿದಳು. ಗೊರಗೊರ ಅಂತು, ಕೆಂಪು ನೀರು ಬಂತು, ಆಮ್ಯಾಲೆ ತಿಳಿನೀರು. ಕೇರಿಯ ಹೆಣ್ಮಕ್ಕಳು ಕೇಕಿ ಹೊಡದ್ರು. ಸಾವ್ಕಾರ್ರ ಮುಖಾನೂ ಅರಳಿತು ಬಿಡ್ರಿ, ಪಾಪ, ಎರಡು ದಿನ ನಿದ್ದಿಗೆಟ್ಟು ದುಡಿದಿದ್ರು. ನನ್ನ ಕಣ್ಣಾಗ ನೀರು ಬಂತು.

ನೋಟಬುಕ್ಕಿನ್ಯಾಗ ಬರದೆ: 'ಪಂಪು ಇದೆ. ನೀರು ಬರುತ್ತದೆ. ಸಿಮೆಂಟು ಇನ್ನೂ ಹಸಿ ಇದೆ.'

ಅವ್ವ ತುಂಬಿದ ಕೊಡಾ ಟೊಂಕಕ್ಕ ಇಟಗೊಂಡು ಹತ್ರ ಬಂದಳು. ಸಾವ್ಕಾರ್ರಿಗೂ ಕೇಳೋ ಹಂಗ ಅಂದಳು:

"ಮುಂದಿನ ಸಭಾ ಯಾವತ್ತದೋ ಯಪ್ಪಾ? ನಮ್ಮ ಕೇರಿ ಹುಡುಗರಿಗೆ ಸಾಲಿ ಕಟ್ಟಿಸಿಕೊಟ್ಟಿದ್ದಕ್ಕ ಇನ್ನೂ ಕೈ ಮುಗಿದಿಲ್ಲ ನಾ."