ಏಡಿಗಳ ಭವಿಷ್ಯಕ್ಕೊಬ್ಬ ಧರ್ಮತಂದೆ

ದೊಮಿನಿಕನ್ ಗಣರಾಜ್ಯದ ದಕ್ಷಿಣ ಕರಾವಳಿಯಲ್ಲಿರುವ ಪಾಲ್ಮಾ ಸೆಕಾ ಊರಿನ ಬೇಸ್‌ಬಾಲ್ ತಂಡಕ್ಕೆ ಉಜ್ವಲ ಭವಿಷ್ಯವಿದೆ. ಇದು ನಿರ್ವಿವಾದ. ಪ್ರತಿ ವರ್ಷವೂ ಇತ್ತು.

ತಂಡದ ಹೆಸರು ಏಡಿಗಳು. ಎದುರಾಳಿಗಳು ಕೊಲ್ಲಿಯ ಆಚೆ ದಡದ ಬೋಕಾ ಗ್ರಾಂದೆಯ ಹೆಜ್ಜಾರ್ಲೆಗಳು. ಹೆಜ್ಜಾರ್ಲೆ ಏಡಿಯನ್ನು ತಿನ್ನುತ್ತದೋ ಇಲ್ಲವೋ ಹಕ್ಕಿಗಳ ವಿಷಯ ಬಲ್ಲವರು ಹೇಳಬೇಕು. ಬೋಕಾ ಗ್ರಾಂದೆಯದು ತಿನ್ನುತ್ತದೆ. ಪ್ರಾಂತದ ಬೆಳ್ಳಿ ಕಪ್ ಬಹುಕಾಲದಿಂದ ಅವರ ತರಬೇತುದಾರ ಫೌಸ್ತೋ ಬೆರೋವಾನ ಬ್ರೆಡ್ ಅಂಗಡಿಯಲ್ಲೇ ಇದೆ. ಗಾಜಿನ ಕಪಾಟಿನಲ್ಲಿ, ಬನ್ನುಗಳ ಪಕ್ಕದಲ್ಲಿ.

ದೋನ್ ಎಲ್ಪೀದಿಯೊ ಅವರು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಗುಮಾಸ್ತರಾಗಿ ನಿವೃತ್ತರಾದವರು. ಆಟಗಾರರಲ್ಲ. ಚಿಕ್ಕಂದಿನಲ್ಲಿ ಒಂದೇ ಒಂದು ದಿನ ಆಡಿದ್ದರು. ಮೇಲಿಂದ ಬಂದ ಚೆಂಡಿಗೆ ಕೈ ಎತ್ತಿದರು. ಚೆಂಡು ಹಣೆಗೆ ಬಡಿಯಿತು. ಅಂದಿನಿಂದ ಅವರು ಆಟದ ಬಗ್ಗೆ ಆಲೋಚಿಸುವವರಾದರು. ಆ ಪೆಟ್ಟಿಗೂ ಈ ಆಲೋಚನೆಗಳಿಗೂ ಸಂಬಂಧವಿದೆ ಎಂದು ಅವರ ಹೆಂಡತಿ ದೋಞಾ ತೆಯೋಫಿಲಾ ಹೇಳುತ್ತಾರೆ. ದೋನ್ ಎಲ್ಪೀದಿಯೊ ಅಲ್ಲಗಳೆದಿಲ್ಲ.

ಅವರಿಗಿದ್ದ ಆಸೆ ಒಂದೇ. ಸಾಯುವುದರೊಳಗೆ ಆ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿಯಬೇಕು. ಹಲ್ಲಿನ ಡಾಕ್ಟರಿಗೆಂದು ಬೋಕಾ ಗ್ರಾಂದೆಗೆ ಹೋದಾಗಲೆಲ್ಲ ಫೌಸ್ತೋನ ಅಂಗಡಿಗೆ ಹೋಗಿ, ಬ್ರೆಡ್ ಕೊಳ್ಳುವವರ ಹಾಗೆ ನಿಂತು, ಗಾಜಿನಾಚೆಯ ಕಪ್ಪನ್ನು ನೋಡಿಕೊಂಡು ಬರುತ್ತಿದ್ದರು. ಬಾಯಲ್ಲಿ ಹಲ್ಲು ಮುಗಿದ ಮೇಲೂ ಡಾಕ್ಟರನ್ನು ಕಾಣುವುದು ನಿಲ್ಲಲಿಲ್ಲ.

ಈ ವರ್ಷ ಒಂದು ಅಚಾತುರ್ಯ ನಡೆಯಿತು. ಏಡಿಗಳು ಗೆಲ್ಲತೊಡಗಿದವು. ತಂಡದವರೆಲ್ಲ ಎಳೆಯರು. ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ನಿಂತು ಬಂದದ್ದನ್ನೆಲ್ಲ ಹೆಕ್ಕುವ ಶಾರ್ಟ್‌ಸ್ಟಾಪ್ ಅರಿಸ್ಮೆಂದಿಯನ್ನು ದಾಟಿ ಇರುವೆಯೂ ಹೋಗುತ್ತಿರಲಿಲ್ಲ. ಚೆಂಡೆಸೆಯುವ ವಿಲ್ಕಿನ್‌ನ ಎಸೆತ ಬ್ಯಾಟಿನವನಿಗೆ ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಹೀಗೆ ತಂಡ ಫೈನಲ್ ತಲುಪಿತು. ಆಟ ಹೆಜ್ಜಾರ್ಲೆಗಳ ಮೇಲೆ, ನಮ್ಮದೇ ಮೈದಾನದಲ್ಲಿ.

ಬೇರೆಯವರಾದರೆ ಸಂತೋಷಪಡುತ್ತಿದ್ದರು. ದೋನ್ ಎಲ್ಪೀದಿಯೊ ಚಿಂತೆಗೆ ಬಿದ್ದರು. ರಾದಾಮೆಸ್‌ನ ದಿನಸಿ ಅಂಗಡಿಯ ಮುಂದೆ, ದಿನವೂ ದೊಮಿನೊ ಆಡುವ ಮೇಜಿನಲ್ಲಿ, ಕೈಯ ಬಿಲ್ಲೆ ಇಳಿಸದೆ ಕೂತರು.

"ಈ ಹುಡುಗರನ್ನ ನಂಬ್ಕೊಂಡು ಎಷ್ಟು ದಿನ ಬಾಳೋಣ?" ಅಂದರು.

"ಯಾಕೆ, ಏನಾಯ್ತು?" ಅಂದ ಕ್ಷೌರದ ನಿಕಾನೋರ್.

"ವಯಸ್ಸಾಗ್ತಿದೆ."

"ಅರಿಸ್ಮೆಂದಿಗಾ? ಇಪ್ಪತ್ತೆರಡು ಕಣಯ್ಯಾ."

"ಅದನ್ನೇ ಹೇಳ್ತಿರೋದು. ಹೋದ ವರ್ಷ ಇಪ್ಪತ್ತೊಂದಿತ್ತು."

ಭಾವಿ ತಂಡ ರಚನಾ ಸಮಿತಿ ಅಲ್ಲೇ ಹುಟ್ಟಿತು. ದೋನ್ ಎಲ್ಪೀದಿಯೊ ಅಧ್ಯಕ್ಷರು. ಊರಿನ ತಲೆಗಳೆಲ್ಲ ಕೈಗೆ ಪರಿಚಯವಿದ್ದ ಕಾರಣ ನಿಕಾನೋರ್ ಕಾರ್ಯದರ್ಶಿ. ಕುರ್ಚಿಗಳು ತನ್ನವಾದ್ದರಿಂದ ರಾದಾಮೆಸ್ ಸದಸ್ಯ. ತಂಡದ ಬ್ಯಾಟು, ಚೆಂಡುಗಳು ಅವನ ಅಂಗಡಿಯ ಅಕ್ಕಿ ಮೂಟೆಗಳ ಹಿಂದೆ ಇರುತ್ತಿದ್ದುದರಿಂದ ತಂಡದ ಆಡಳಿತವೂ ಸಮಿತಿಗೇ ಬಂತು. ಹುಡುಗರು ಬೇಡವೆನ್ನಲಿಲ್ಲ. ಅವರು ಅಭ್ಯಾಸದಲ್ಲಿದ್ದರು.

ಸಮಿತಿಯು ಮೊದಲು ಹದಿನಾರರ ಹುಡುಗರನ್ನು ಹುಡುಕಿತು. ಅವರನ್ನು ಆಗಲೇ ವಿದೇಶಿ ಕ್ಲಬ್ಬಿನವರು ಗೊತ್ತುಮಾಡಿದ್ದರು. ಹನ್ನೆರಡಕ್ಕೆ ಇಳಿಯಿತು. ಅವರು ದಲ್ಲಾಳಿಗಳ ಕೈಯಲ್ಲಿದ್ದರು. ಆರು ವರ್ಷದವರ ತಲೆಯ ಮೇಲೆ ಹೆಜ್ಜಾರ್ಲೆಗಳ ನೀಲಿ ಟೋಪಿ ಕೂತಿತ್ತು. ಹೀಗೆ ಇಳಿಯುತ್ತಾ ಸಮಿತಿಯು ತೊಟ್ಟಿಲಿಗೆ ಬಂತು. ತೊಟ್ಟಿಲಲ್ಲಿದ್ದವರು ಮಾತು ಕೊಡುವ ಸ್ಥಿತಿಯಲ್ಲಿರಲಿಲ್ಲ. ಆಗ ಅಧ್ಯಕ್ಷರಿಗೆ ನಮ್ಮ ಹಿರಿಯರು ಮಾಡಿಟ್ಟ ಪದ್ಧತಿ ಹೊಳೆಯಿತು.

ಚರ್ಚಿನಲ್ಲಿ ಮಗುವಿನ ತಲೆಗೆ ನೀರು ಹೊಯ್ಯುವ ಜ್ಞಾನಸ್ನಾನದ ದಿನ ಅದನ್ನು ಎತ್ತಿ ಹಿಡಿದವನು ಅದರ ಧರ್ಮತಂದೆ. ಅಂದಿನಿಂದ ಹೆತ್ತ ತಂದೆಯೂ ಧರ್ಮತಂದೆಯೂ ಒಬ್ಬರಿಗೊಬ್ಬರು ಕೊಂಪಾದ್ರೆ. ಇದು ಅಣ್ಣತಮ್ಮಂದಿರ ನಂಟಿಗಿಂತ ಗಟ್ಟಿ. ಅಣ್ಣತಮ್ಮಂದಿರು ಜಮೀನಿಗೆ ಹೊಡೆದಾಡಬಹುದು. ಕೊಂಪಾದ್ರೆ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆಂದವನು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದರೂ ಅವನ ಶವಯಾತ್ರೆಗೆ ಜನ ಹೋಗುವುದಿಲ್ಲ.

ಮರುದಿನ ನಿಕಾನೋರ್ ಮೋಟಾರ್‌ಸೈಕಲ್ಲಿಗೆ ಧ್ವನಿವರ್ಧಕ ಕಟ್ಟಿ ಬೀದಿ ಬೀದಿ ಸುತ್ತಿದ. ಸಮಿತಿಯು ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಅಧ್ಯಕ್ಷರು ಊರಿನ ಎಲ್ಲ ಗಂಡು ಶಿಶುಗಳಿಗೆ ಧರ್ಮತಂದೆಯಾಗಲು ಸಮ್ಮತಿಸಿರುತ್ತಾರೆ. ತಾಯಿಗೆ ಮೊದಲ ಬಯಕೆ ಕಂಡ ದಿನದಿಂದಲೇ ಶಿಶುವನ್ನು ತಂಡದ ಸದಸ್ಯನೆಂದು ಪರಿಗಣಿಸಲಾಗುವುದು. ಮಾತು ಕೊಟ್ಟ ಕ್ಷಣದಿಂದಲೇ ಕೊಂಪಾದ್ರೆ ಸಂಬಂಧ ಜಾರಿಯಲ್ಲಿರುತ್ತದೆ. ಹೆಣ್ಣಾದಲ್ಲಿ ಮುಂದಿನ ಶಿಶುವಿಗೆ ಆದ್ಯತೆ.

ಜನ ಒಪ್ಪಿದರು. ತಂಡದ ಹುಡುಗರಲ್ಲಿ ಹಲವರಿಗೆ ಕೈಗೂಸುಗಳಿದ್ದವು. ಅವರೆಲ್ಲ ಅಧ್ಯಕ್ಷರಿಗೆ ಕೊಂಪಾದ್ರೆಗಳಾದರು. ಇದರಲ್ಲಿ ಅಪಾಯವಿರಬಹುದೆಂದು ಯಾರಿಗೂ ತೋಚಲಿಲ್ಲ. ತೆಯೋಫಿಲಾ ಮಾತ್ರ, ಮೂರು ರಾಜರ ಹಬ್ಬಕ್ಕೆ ಇಷ್ಟು ಮಕ್ಕಳಿಗೆ ಆಟಿಕೆ ಯಾರು ತರುತ್ತಾರೆ ಎಂದು ಕೇಳಿದರು. ಅದು ವರ್ತಮಾನದ ಪ್ರಶ್ನೆಯಾದ್ದರಿಂದ ಸಮಿತಿಯು ಪರಿಗಣಿಸಲಿಲ್ಲ.

ಕೊರತೆ ಒಂದೇ ಉಳಿಯಿತು. ಎಡಗೈಯಲ್ಲಿ ಚೆಂಡೆಸೆಯುವವನು ಸಿಕ್ಕಿರಲಿಲ್ಲ. ಅಷ್ಟರಲ್ಲಿ ನಿಕಾನೋರ್ ಒಂದು ಸುದ್ದಿ ತಂದ. ಹೆಜ್ಜಾರ್ಲೆಗಳ ತರಬೇತುದಾರ ಫೌಸ್ತೋನ ಹೆಂಡತಿ ಯೂದೆಲ್ಕಾ ಎಡಗೈಯವಳು. ಮಹಡಿಯ ಮೇಲಿಂದ ಎಸೆದ ಚಪ್ಪಲಿಯಲ್ಲಿ, ಕೋಳಿ ಕದ್ದು ಓಡುತ್ತಿದ್ದವನನ್ನು ಬೀದಿಯ ತಿರುವಿನಲ್ಲಿ ಕೆಡವಿದ್ದಳು. ಈಗ ಬಸುರಿ.

ದೋನ್ ಎಲ್ಪೀದಿಯೊ ಅಂದೇ ಬೋಕಾ ಗ್ರಾಂದೆಗೆ ಹೋದರು. ಬ್ರೆಡ್ ಕೊಂಡರು. ಗಾಜಿನ ಕಪಾಟಿನ ಕಡೆ ನೋಡದೆ, ಹುಟ್ಟುವ ಮಗುವಿಗೆ ತಾವು ಧರ್ಮತಂದೆಯಾಗಬಹುದೇ ಎಂದು ಕೇಳಿದರು. ಫೌಸ್ತೋ ಹಿಟ್ಟಿನ ಕೈ ಒರೆಸಿಕೊಂಡು ಅವರನ್ನು ಅಪ್ಪಿಕೊಂಡ. "ನಮ್ಮ ಭಾಗ್ಯ, ಕೊಂಪಾದ್ರೆ" ಅಂದ. ಬ್ರೆಡ್ಡಿಗೆ ಕಾಸು ತೆಗೆದುಕೊಳ್ಳಲಿಲ್ಲ. ಕಬ್ಬಿನ ಗಾಡಿ ತೂಗಿದವರಿಗೆ ಮನುಷ್ಯರನ್ನು ತೂಗುವುದು ಬರುತ್ತದೆ ಎಂದುಕೊಳ್ಳುತ್ತಾ ದೋನ್ ಎಲ್ಪೀದಿಯೊ ಬಸ್ಸು ಹತ್ತಿದರು. ಎದುರಾಳಿಯ ಭವಿಷ್ಯವೇ ಕೈಗೆ ಬಂತೆಂದು ಆ ಸಂಜೆ ಸಮಿತಿಯು ರಮ್ ಕುಡಿಯಿತು.

ಫೈನಲ್‌ಗೆ ಹತ್ತು ದಿನವಿರುವಾಗ ಫೌಸ್ತೋ ಒಂದು ಪರಂಗಿಹಣ್ಣು ಹಿಡಿದುಕೊಂಡು ಅವರ ಮನೆಗೆ ಬಂದ. ಕಾಫಿ ಕುಡಿದ. ಮನೆಯ ಬಣ್ಣ ಚೆನ್ನಾಗಿದೆ ಅಂದ. ಆಮೇಲೆ ಲೋಟ ಕೆಳಗಿಟ್ಟ.

"ಕೊಂಪಾದ್ರೆ, ನಮ್ಮ ಶಾರ್ಟ್‌ಸ್ಟಾಪ್ ಕಾಲು ಉಳುಕಿಸ್ಕೊಂಡಿದಾನೆ. ಫೈನಲ್ ಇರೋ ಭಾನುವಾರಕ್ಕೆ ನಿಮ್ಮ ಅರಿಸ್ಮೆಂದಿನ ಕಳಿಸ್ಕೊಡಿ."

"ಆ ಭಾನುವಾರ ನಿಮ್ಮ ಮೇಲೆ ಆಡೋದು ನಾವೇ."

"ಹೌದು. ಅದಕ್ಕೇ ಬೇಕಾಗಿರೋದು."

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ದೋನ್ ಎಲ್ಪೀದಿಯೊ ಪರಂಗಿಹಣ್ಣನ್ನು ನೋಡಿದರು. ಬಾಗಿಲನ್ನು ನೋಡಿದರು.

"ಆಗಲಿ, ಕೊಂಪಾದ್ರೆ" ಅಂದರು.

ಸಮಿತಿಯು ಇದನ್ನು ನಷ್ಟವೆಂದು ಭಾವಿಸಲಿಲ್ಲ. ವಯಸ್ಸಾಗುತ್ತಿರುವವನನ್ನು ಕೊಟ್ಟು ಹುಟ್ಟಲಿರುವವನನ್ನು ಪಡೆದದ್ದು ದೂರದೃಷ್ಟಿಯೆಂದು ನಿಕಾನೋರ್ ಸಾರಿದ. ಅರಿಸ್ಮೆಂದಿ ಮಾತ್ರ ಅಂಗಡಿಗೆ ಬಂದು, ತಾನೇನು ತಪ್ಪು ಮಾಡಿದೆ ಎಂದು ಕೇಳಿದ. ತಪ್ಪೇನಿಲ್ಲ, ನೀನು ಆಗಲೇ ಹುಟ್ಟಿಬಿಟ್ಟಿದ್ದೀಯ ಎಂದು ಅವನಿಗೆ ತಿಳಿಸಿ ಹೇಳಲಾಯಿತು.

ಕೆಲವು ದಿನ ಕಳೆದು ಫೌಸ್ತೋ ಮತ್ತೆ ಬಂದ. ಈ ಸಲ ಅನಾನಸು. ಯೂದೆಲ್ಕಾಗೆ ಬಯಕೆ ಕಾಣಿಸಿಕೊಂಡಿತ್ತು. ಹುಣಸೆಯಲ್ಲ, ಮಾವಲ್ಲ. ವಿಲ್ಕಿನ್ ಹೆಜ್ಜಾರ್ಲೆಗಳ ನೀಲಿ ಅಂಗಿ ತೊಟ್ಟು ಚೆಂಡೆಸೆಯುವುದನ್ನು ನೋಡಬೇಕಂತೆ. ಬಯಕೆ ತೀರದಿದ್ದರೆ ಮಗುವಿನ ಮೈಮೇಲೆ ಮಚ್ಚೆ ಬೀಳುತ್ತದೆಂದು ಯಾರಿಗೆ ತಾನೆ ಗೊತ್ತಿಲ್ಲ?

"ಎಲ್ಲಿ ಬೀಳುತ್ತಂತೆ?" ಅಂದರು ದೋನ್ ಎಲ್ಪೀದಿಯೊ.

"ಎಡಗೈ ಮೇಲೆ ಅಂತಾಳೆ ಸೂಲಗಿತ್ತಿ."

ಭವಿಷ್ಯದ ಎಡಗೈಗೆ ಊನವಾಗುವುದನ್ನು ಸಮಿತಿ ನೋಡಿಕೊಂಡು ಕೂರುವಂತಿರಲಿಲ್ಲ. ವಿಲ್ಕಿನ್‌ನನ್ನೂ ಕಳಿಸಿಕೊಟ್ಟರು.

ಆಮೇಲೆ ತಂಡದ ಉಳಿದ ಹುಡುಗರು ಬರತೊಡಗಿದರು. ಒಬ್ಬ, ಭಾನುವಾರ ಹೆಂಡತಿಯನ್ನು ತವರಿಗೆ ಕರೆದೊಯ್ಯಬೇಕು, ಬಿಡುವು ಕೊಡಿ ಕೊಂಪಾದ್ರೆ ಅಂದ. ಇನ್ನೊಬ್ಬನ ಹುಂಜ ಅಂದು ಕೋಳಿ ಅಂಕದಲ್ಲಿತ್ತು, ಕೊಂಪಾದ್ರೆ. ಮತ್ತೊಬ್ಬ ಸುಮ್ಮನೆ ಮಲಗಬೇಕು ಅಂದ, ಕೊಂಪಾದ್ರೆ. ಅರಿಸ್ಮೆಂದಿ ಇಲ್ಲದ ಮೇಲೆ ಸೋಲುವುದಕ್ಕೆ ಯಾಕೆ ಬೆವರಬೇಕೆಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಕೊಂಪಾದ್ರೆಗಳ ನಡುವೆ ಅಂಥ ಮಾತು ಸಲ್ಲದು. ಎಲ್ಲರಿಗೂ ಅಧ್ಯಕ್ಷರು ಆಗಲಿ ಎಂದರು.

ಶನಿವಾರ ರಾದಾಮೆಸ್ ಅಕ್ಕಿ ಮೂಟೆಗಳ ಹಿಂದಿನಿಂದ ಬ್ಯಾಟುಗಳನ್ನು ತಂದು ಮೇಜಿನ ಮೇಲಿಟ್ಟ. ಕೇಳಲು ಯಾರೂ ಬರಲಿಲ್ಲ. ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಭಾನುವಾರ ಏಡಿಗಳ ಪರವಾಗಿ ಸಮಿತಿಯೇ ಕಣಕ್ಕಿಳಿಯಿತು. ಸಂಖ್ಯೆ ತುಂಬಿಸಲು ಚರ್ಚಿನ ಗಂಟೆ ಹೊಡೆಯುವವನೂ, ಬಸ್ಸಿಗೆ ಕಾಯುತ್ತಿದ್ದ ಕೆಲವರೂ ಸೇರಿದರು. ಚೆಂಡು ಅಷ್ಟಾಗಿ ಬಾರದ ಬಲಮೂಲೆಯಲ್ಲಿ ದೋನ್ ಎಲ್ಪೀದಿಯೊ ನಿಂತರು. ಆಟ ಶುರುವಾಗುವ ಮೊದಲು ನಿಕಾನೋರ್ ಧ್ವನಿವರ್ಧಕದಲ್ಲಿ ಪ್ರಕಟಣೆ ಓದಿದ: ಇಂದು ಆಡುತ್ತಿರುವವರನ್ನು ತಂಡವೆಂದು ಯಾರೂ ತಪ್ಪು ತಿಳಿಯಬಾರದು. ಇದು ತಾತ್ಕಾಲಿಕ ವರ್ತಮಾನ. ನಿಜವಾದ ತಂಡ ಪ್ರೇಕ್ಷಕರ ಸಾಲಿನಲ್ಲಿ ಹಾಲು ಕುಡಿಯುತ್ತಿದೆ. ಜನ ಆ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಒಂದು ಮಗು ಅತ್ತಿತು. ಗಂಟಲು ಚೆನ್ನಾಗಿದೆ, ಬ್ಯಾಟಿನವನ ಹಿಂದೆ ಕೂತು ಕೂಗುವ ಕ್ಯಾಚರ್ ಆಗುತ್ತಾನೆ ಎಂದರು.

ವಿಲ್ಕಿನ್‌ನ ಎಸೆತವನ್ನು ಸಮಿತಿಯು ಕೇಳಿತು. ಮೂರನೆಯ ಸುತ್ತಿನಲ್ಲಿ ಅರಿಸ್ಮೆಂದಿ ಬಾರಿಸಿದ ಚೆಂಡು ಆಕಾಶಕ್ಕೇರಿ ಬಲಮೂಲೆಯ ಕಡೆ ಇಳಿಯತೊಡಗಿತು. ದೋನ್ ಎಲ್ಪೀದಿಯೊ ಆಲೋಚಿಸಿದರು. ಕೈ ಎತ್ತಿದರು. ಚೆಂಡು ಹಣೆಗೆ ಬಡಿಯಿತು. ಹಳೆಯ ಜಾಗಕ್ಕೇ. ಅರಿಸ್ಮೆಂದಿ ಬೇಸ್‌ಗಳನ್ನು ಸುತ್ತಿ ಮುಗಿಸಿ, ನೇರ ಮೂಲೆಗೆ ಓಡಿಬಂದು ಅವರನ್ನು ಎಬ್ಬಿಸಿದ.

"ನಾನೇ ಹಿಡಿತಿದ್ದೆ ಇದನ್ನ, ದೋನ್ ಎಲ್ಪೀದಿಯೊ" ಅಂದ.

ಅಂಕಗಳನ್ನು ಇಲ್ಲಿ ಬರೆಯುವುದು ಶೋಭಿಸದು. ಫಲಕದಲ್ಲಿ ಜಾಗ ಸಾಲದೆ ಗೋಡೆಯ ಮೇಲೆ ಬರೆದರು. ಕಪ್ ಎಂದಿನಂತೆ ಬನ್ನುಗಳ ಪಕ್ಕಕ್ಕೆ ಹೋಯಿತು. ಊರವರು ಸಮಾಧಾನದಿಂದಲೇ ಮನೆಗೆ ಹೋದರು. ಹದಿನೆಂಟು ವರ್ಷ ಕಳೆಯಲಿ, ತೋರಿಸುತ್ತೇವೆ ಎಂದು ಮುದುಕರು ಮುದುಕರಿಗೆ ಹೇಳುತ್ತಿದ್ದರು.

ಯೂದೆಲ್ಕಾಗೆ ಗಂಡು ಮಗುವೇ ಆಯಿತು. ಮೈಮೇಲೆ ಒಂದೂ ಮಚ್ಚೆಯಿಲ್ಲ. ಜ್ಞಾನಸ್ನಾನಕ್ಕೆ ಸಮಿತಿಯು ಬಸ್ಸಿನಲ್ಲಿ ಬೋಕಾ ಗ್ರಾಂದೆಗೆ ಹೋಯಿತು. ಅಲ್ಲಿಯ ಚರ್ಚಿನ ಕಲ್ಲಿನ ತೊಟ್ಟಿ ಬಿರುಕುಬಿಟ್ಟಿತ್ತು. ನೀರಿಗೆ ಏನು ಮಾಡುವುದೆಂದು ಪಾದ್ರಿಗಳು ಕೇಳಿದಾಗ, ಫೌಸ್ತೋ ಅಂಗಡಿಗೆ ಹೋಗಿ ಕಪ್ಪನ್ನೇ ತಂದ.

ಕಪ್ ಗಾಜಿನಿಂದ ಹೊರಗೆ ಬಂದದ್ದನ್ನು ದೋನ್ ಎಲ್ಪೀದಿಯೊ ಇಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಹಿಡಿಯ ಮೇಲೆ ಹಿಟ್ಟಿನ ಕಲೆಯಿತ್ತು. ಬೆಳ್ಳಿಯೊಳಗೆ ಅವರ ಮುಖ, ಹಣೆಯ ಪೆಟ್ಟಿನ ಗುರುತಿನ ಸಮೇತ, ತಲೆಕೆಳಗಾಗಿ ಕಾಣುತ್ತಿತ್ತು. ಅವರ ಕೈ ತಾನಾಗಿ ಮುಂದೆ ಹೋಯಿತು. ಅಷ್ಟರಲ್ಲಿ ಯೂದೆಲ್ಕಾ ಮಗುವನ್ನು ಆ ಕೈಗಳಲ್ಲಿಟ್ಟಳು. ದಪ್ಪ ಮಗು. ಎರಡೂ ಕೈ ಬೇಕಾಯಿತು.

ಪಾದ್ರಿಗಳು ನೀರು ಹೊಯ್ದರು. ಮಗು ಕೈಚಾಚಿ ಕಪ್ಪಿನ ಹಿಡಿಯನ್ನು ಹಿಡಿದುಕೊಂಡಿತು. ಎಡಗೈಯಲ್ಲಿ. ಬಿಡಲಿಲ್ಲ. ಹಿಂದಿನ ಸಾಲಿನಲ್ಲಿ ನಿಕಾನೋರ್ ಎದ್ದು ನಿಂತು ಟೋಪಿ ತೆಗೆದ. ರಾದಾಮೆಸ್ ಕಣ್ಣೊರೆಸಿಕೊಂಡ. ಏಡಿಗಳ ಆಟಗಾರನೊಬ್ಬ ಕಪ್ಪಿಗೆ ಕೈ ಹಾಕಿದ್ದು ಇದೇ ಮೊದಲು.

ಆಗ ಫೌಸ್ತೋ ಅವರ ಕಿವಿಯ ಬಳಿ ಬಾಗಿದ.

"ಕೊಂಪಾದ್ರೆ, ಒಂದು ಸಣ್ಣ ಮಾತು. ಇವನು ದೊಡ್ಡೋನಾದ ಮೇಲೆ ಇಲ್ಲೇ ಆಡ್ಲಿ ಬಿಡಿ. ತಾಯಿ ಕಣ್ಣೆದುರು ಇರ್ತಾನೆ."

ದೋನ್ ಎಲ್ಪೀದಿಯೊ ಕಪ್ಪನ್ನು ನೋಡಿದರು. ಮಗುವನ್ನು ನೋಡಿದರು.

"ಆಗಲಿ, ಕೊಂಪಾದ್ರೆ."

ಮನೆಯಲ್ಲಿ ತೆಯೋಫಿಲಾ ಅನ್ನಕ್ಕೆ ಕೆಂಪು ಕಾಳಿನ ಸಾರು ಹಾಕಿಕೊಟ್ಟು ಎದುರು ಕೂತರು. ಎಲ್ಲ ಕೇಳಿದರು.

"ಕಪ್ ಹಿಡ್ಕೊಂಡೆಯಾ, ಮುದುಕಾ?"

"ಕೈ ಖಾಲಿ ಇರ್ಲಿಲ್ಲ."

"ಫೌಸ್ತೋ ನಿಂಗೆ ಕೊಂಪಾದ್ರೆ. ನೀನು ಅವನಿಗೆ ಏನು?"

"ನಾನೂ ಕೊಂಪಾದ್ರೆನೇ."

"ಹಾಗಾದ್ರೆ ಅರಿಸ್ಮೆಂದಿನ ಕೇಳೋಕೆ ಬಂದ ದಿನವೇ, ಕಪ್ ಕೊಡು ಅಂತ ನೀನೂ ಕೇಳಿದ್ರೆ ಅವನು ಇಲ್ಲ ಅನ್ನೋ ಹಾಗಿತ್ತಾ?"

ದೋನ್ ಎಲ್ಪೀದಿಯೊ ಚಮಚ ಕೆಳಗಿಟ್ಟರು. ಹಣೆ ಮುಟ್ಟಿಕೊಂಡರು.

ಮರುದಿನ ಸಮಿತಿಯ ತುರ್ತು ಸಭೆ ಸೇರಿತು. ದೋಞಾ ತೆಯೋಫಿಲಾ ಅವರ ಸಲಹೆಯನ್ನು ಎಲ್ಲರೂ ಮೆಚ್ಚಿಕೊಂಡರು. ಇಷ್ಟು ಒಳ್ಳೆಯ ಉಪಾಯವನ್ನು ಈಗಲೇ ಬಳಸಿ ಹಾಳುಮಾಡಬಾರದೆಂದು ನಿಕಾನೋರ್ ಅಭಿಪ್ರಾಯಪಟ್ಟ. ಅದನ್ನು ಭವಿಷ್ಯಕ್ಕೆ ಕಾಯ್ದಿರಿಸಲಾಯಿತು. ಫೌಸ್ತೋನ ಮಗನಿಗೆ ಮುಂದೆ ಹುಟ್ಟುವ ಮಗನಿಗೂ ಅಧ್ಯಕ್ಷರೇ ಧರ್ಮತಂದೆಯಾಗತಕ್ಕದ್ದೆಂದು ತೀರ್ಮಾನವಾಯಿತು. ಅಧ್ಯಕ್ಷರು ಆಗ ಇರುತ್ತಾರೆಯೇ ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಮೋಟಾರ್‌ಸೈಕಲ್ ಬೀದಿ ಬೀದಿ ಸುತ್ತಿತು. ಜನ ಬಾಗಿಲಿಗೆ ಬಂದು ಕೇಳಿ ತಲೆದೂಗಿದರು.

ಸೋಮವಾರ ದೋನ್ ಎಲ್ಪೀದಿಯೊ ಹಲ್ಲಿನ ಡಾಕ್ಟರನ್ನು ಕಾಣಲು ಬೋಕಾ ಗ್ರಾಂದೆಗೆ ಹೊರಟರು. ಹೇಗೂ ಹೋಗುತ್ತೀರಲ್ಲ, ಬ್ರೆಡ್ ತನ್ನಿ ಎಂದು ಊರವರು ಚೀಲ ಕೊಟ್ಟು ಕಳಿಸಿದರು.